ಖಾಲಿ ಗಾಡಿಯ ತೂಕ

ಕಪನೂರಿನ ಕಾಟಾದ ಮ್ಯಾಲ ದಿನಾ ನೂರು ಲಾರಿ.
ತುಂಬಿದ ತೂಕ, ಖಾಲಿ ತೂಕ,
ಕಳೆದು ಉಳಿದದ್ದು ತೊಗರಿ.
ಹನ್ನೊಂದು ವರ್ಷ ಚೀಟಿ ಹರಿದುಕೊಟ್ಟವ ನಾನು, ಅಂಬಾರಾಯ.
ಕ್ಲೀನರ್ ಹುಡುಗ ತಾಡಪಾಲಿನ ಕೆಳಗ ಅಡಗಿ ಮಲಗಿದ್ರೂ
ಅಂಕಿ ನೋಡಿ ಹಿಡೀತೀನಿ.

ಒಂದು ರಾತ್ರಿ ಗೇಟು ಹಾಕಿದ ಮ್ಯಾಲ
ನಾನೇ ಹೋಗಿ ಕಾಟಾದ ನಡುವ ನಿಂತೆ.
ಹೊರಗಿನ ಕೆಂಪು ಅಂಕಿ: ನೂರಾ ಇಪ್ಪತ್ತು.
ಚೀಟಿ ತೆಗೀಲಿಕ್ಕ ಒಳಗ ಓಡಿದೆ,
ಅಷ್ಟರಾಗ ಸೊನ್ನೆ.
ಒಬ್ಬವನ ಕೈಲಿ ಆಗೂ ಕೆಲಸ ಅಲ್ಲ ಅದು.

ಆರು ವರ್ಷದಾಗ ಜಗದೇವಿಯ ಫೈಲು ದಪ್ಪಾತು,
ನಾ ದಪ್ಪಾದೆ.
ಅಕಿಗಿ ಸೂಜಿ, ಸ್ಕ್ಯಾನು, ಸೋಮವಾರದ ಉಪವಾಸ.
ನನ್ನ ಹೆಸರಿನ ಫೈಲಿನಾಗ ಮೊನ್ನಿ ತನಕ
ಒಂದು ಹಾಳಿನೂ ಇರಲಿಲ್ಲ.
ಅವ್ವ ಅಂತಿದ್ದಳು: "ನನ್ನ ಮಗ ಗಂಡಸು.
ತೋರಸೂದಿದ್ರ ಅಕಿಗಿ ತೋರಸು."
ಅಂದು, ಹೋಳಿಗಿ ಮ್ಯಾಲ ಇನ್ನೊಂದು ಚಮಚ ತುಪ್ಪ.

ಸೂಪರ್ ಮಾರ್ಕೆಟ್ ಹಿಂದಿನ ಲ್ಯಾಬು. ಮುಂಜಾನಿ ಎಂಟು, ಬರಿ ಹೊಟ್ಟಿ.
ಸಂಜಿಗಿ ನುಸ್ರತ್ ಮೇಡಂ ಕಾಗದ ಹಿಡಿದು ಕುಂತರು.
ಟೆಸ್ಟೋಸ್ಟೆರಾನ್ ಇನ್ನೂರಾ ಹದಿನಾಲ್ಕು.
ನನಗ ತಿಳಿಯೂ ಮಾತಿನಾಗ ಹೇಳ್ರಿ ಅಂದೆ.

"ಗಂಡು ಹಾರ್ಮೋನು ತಯಾರಾಗತದ. ಇಲ್ಲಂತಲ್ಲ.
ಹೊಟ್ಟಿ ಕೊಬ್ಬು ಅದನ್ನ ಹಾದ್ಯಾಗ ತಡೆದು
ಹೆಣ್ಣು ಹಾರ್ಮೋನು ಮಾಡಿ ಬಿಡತದ.
ಮಿದುಳಿಗಿ ಸುದ್ದಿ ಮುಟ್ಟತದ: ಮಾಲು ಭಾಳಾತು.
ಅದು ಆರ್ಡರೇ ನಿಲ್ಲಸತದ."

ಕೊಬ್ಬಂದ್ರ ಗೋದಾಮು ಅಂತಿದ್ದೆ ನಾನು,
ಸುಮ್ಮನ ಪೇರಿಸಿಟ್ಟ ಚೀಲ.
ಅದೂ ಒಂದು ಮಿಲ್ಲು,
ಮೂರೂ ಪಾಳಿ, ರಜಾ ಇಲ್ಲದ್ದು.

ಮೇಡಂ ಚೀಟಿಯ ಬೆನ್ನಿಗೆ ಒಂದು ಬೀಜ ಬರೆದರು, ಒಳಗ ಮತ್ತೊಂದು.
"ಕಣ ಕಣದಾಗ ಒಲಿ ಅವ, ಮೈಟೋಕಾಂಡ್ರಿಯಾ.
ಉರಿಯೂದಷ್ಟೇ ಅಲ್ಲ, ಪೆಪ್ಟೈಡಂತ ಸಣ್ಣ ಸಣ್ಣ ಓಲಿ ಕಳಸತಾವ.
ಒಂದರಾಗ ಬರೇ ಹದಿನಾರು ಮಣಿ.
ಮೈ ಬೆಳೆದವರ ರಕ್ತದಾಗ ಅವು ಕಮ್ಮಿ ಅಂತ ಕೆಲವರು,
ಹಂಗೇನಿಲ್ಲ ಅಂತ ಕೆಲವರು.
ಗಂಡು ಹಾರ್ಮೋನಿಗಿ ಅವು ಏನು ಹೇಳತಾವ,
ಇನ್ನಾ ಓದಲಿಕ್ಕ ಹತ್ಯಾರ.
ಗುಳಿಗಿ ಕೇಳಬ್ಯಾಡ್ರಿ. ನಡೀರಿ. ಕೆರಿ ಸುತ್ತ ನಾಕು ಸುತ್ತು."

ಎದ್ದು ನಿಂತಾಗ ಇಷ್ಟು ಸೇರಿಸಿದರು:
"ಆ ಒಲಿ ಅವ್ವನ ಕಡಿಂದಷ್ಟೇ ಬರತದ. ಅಪ್ಪಂದು ಒಂದು ಕಿಡಿನೂ ಇಲ್ಲ."

ಆಟೋದಾಗ ನಾನು ಮಾತಾಡಲಿಲ್ಲ.
ನನ್ನ ಗಂಡಸ್ತನ ಕಾಯೂ ಬೆಂಕಿ
ಅವ್ವಂದು, ಅವ್ವನ ಅವ್ವಂದು,
ಹೆಸರು ಯಾರಿಗೂ ನೆನಪಿಲ್ಲದ ಯಾವಳೋ ಮುತ್ತವ್ವಂದು.
ಅದು ನನ್ನ ತನಕ ಬಂದು ನಿಂತದ.
ನಾಳಿ ಕೂಸೊಂದು ಹುಟ್ಟಿದ್ರ
ಅದರ ಒಲ್ಯಾಗ ಉರಿಯೂದು ಜಗದೇವಿಯ ತೌರಿನ ಬೆಂಕಿ.
ವಂಶದ ದೀಪ, ವಂಶದ ದೀಪ ಅಂತಾಳ ಅವ್ವ.
ಯಾವ ವಂಶದ್ದು?

ಊಟಕ್ಕ ಕುಂತಾಗ ಅವ್ವ ತುಪ್ಪದ ಗಿಂಡಿ ಎತ್ತಿದಳು.
ಕೈ ಅಡ್ಡ ಹಿಡಿದೆ.
"ಅವ್ವಾ, ಅಕಿಗಿ ಇನ್ನ ಏನೂ ಅನಬ್ಯಾಡ.
ಕಮ್ಮಿ ಇರೂದು ನನ್ನಾಗ."
ಗಿಂಡಿ ಹಿಡಿದ ಕೈ ಭಾಳ ಹೊತ್ತು ಅಲ್ಲೇ ಇತ್ತು.
ಆಮ್ಯಾಲ ಒಯ್ದು ಜಗದೇವಿಯ ತಾಟಿಗಿ ಸುರಿದಳು.
ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.

ಮೂರು ತಿಂಗಳಾತು, ಅಪ್ಪನ ಕೆರಿ ದಂಡಿ ತಿರುಗಲಿಕ್ಕ ಹತ್ತಿ.
ಜಗದೇವಿ ಮುಂದ, ನಾ ಹಿಂದ,
ಉಸಿರು ಲಾರಿ ಘಟ್ಟ ಏರಿದಂಗ.
ನಿನ್ನಿ ಸಂಜಿಗಿ ಅಕಿಗಿ ಕಾಟಾ ತೋರಸಲಿಕ್ಕ ಕರಕೊಂಡು ಹೋದೆ.
ನಾ ಹೊರಗ ನಿಂತೆ, ಅಕಿ ಒಳಗಿಂದ ಕೂಗಿದಳು:
"ನೂರಾ ಇಪ್ಪತ್ತೇ. ಏನೂ ಇಳಿದಿಲ್ಲಲ್ಲ?"
ಇಳಿದದ. ಆರು ಕಿಲೋ.
ಈ ಕಾಟಾ ಇಪ್ಪತ್ತು ಇಪ್ಪತ್ತು ಕಿಲೋ ಜಿಗೀತದ,
ಆರು ಅದರ ಲೆಕ್ಕಕ್ಕ ಬರಂಗಿಲ್ಲ.

"ಗಾಡಿ ನಂಬರು ಕೇಳಲಿಕ್ಕ ಹತ್ತದ, ಏನು ಹಾಕಲಿ?"
ಅಕಿ ನಕ್ಕದ್ದು ಕಿಟಕಿಯೊಳಗಿಂದ ಕೇಳತು,
ಹಿಂದೇ ಪ್ರಿಂಟರಿನ ಕರಕರ.
ಚೀಟಿ ಈಗ ನನ್ನ ಫೈಲಿನಾಗ ಅದ, ಎರಡನೇ ಹಾಳಿ.
ನಂಬರಿನ ಜಾಗಕ್ಕ ನನ್ನ ಹೆಸರು ಹಾಕ್ಯಾಳ.
ಮಾಲು ಅಂತಿದ್ದಲ್ಲಿ
ಏನೂ ಬರದಿಲ್ಲ.