ಬರ್ಚ್ ಮರದ ತುತ್ತೂರಿ

ಸ್ಕ್ಯಾನ್ ಯಂತ್ರ ಮತ್ತೆ ಕೆಟ್ಟಿದೆ.
ರಿಪೇರಿಯವನು ಉಲಾನ್‌ಬಾತರಿನಿಂದ ಹೊರಟಿದ್ದಾನಂತೆ,
ದಾರಿಯ ಹಿಮ ಕರಗಿದರೆ ಬರುತ್ತಾನಂತೆ.
ಅಲ್ಲಿಯವರೆಗೆ ಗೇಣುದ್ದದ ಈ ಬರ್ಚ್ ಮರದ ತುತ್ತೂರಿ,
ನನಗಿಂತ ಮೊದಲಿದ್ದ ಡಾಕ್ಟರಮ್ಮ ಬಿಟ್ಟುಹೋದದ್ದು,
ಕಿವಿ ತಾಗಿ ತಾಗಿ ಅಂಚು ನುಣುಪಾದದ್ದು.
ಅಗಲ ಬಾಯಿ ಹೊಟ್ಟೆಯ ಮೇಲೆ, ಈ ತುದಿ ನನ್ನ ಕಿವಿಗೆ.
ಊದುವುದಲ್ಲ, ಉಸಿರು ಬಿಗಿಹಿಡಿಯುವುದು.

ನರ್ಮಂದಾಖ್ ಬಂದದ್ದು ಬಸುರಾಗುವ ಮೊದಲೇ.
ಹಾಗೆ ಯಾರೂ ಬರುವುದಿಲ್ಲ ಇಲ್ಲಿ.
ಬೂಟಿನ ಮಂಜು ಒದರಿ, ಸ್ಟೂಲಿನ ತುದಿಗೆ ಕೂತು,
"ಇನ್ನೊಂದು ಹೊರಬಹುದೇ ನಾನು?" ಎಂದಳು.
ಕಡತ ತೆಗೆಯಬೇಕಿರಲಿಲ್ಲ.
ನಾಲ್ಕು ವರ್ಷದ ಹಿಂದೆ ಇದೇ ಮಂಚ,
ಇದೇ ತುತ್ತೂರಿಯನ್ನು ಆಚೆ ಈಚೆ ಸರಿಸಿ ಸರಿಸಿ
ಹುಡುಕಿದ್ದೆ.
ಅವಳು ಸೂರು ನೋಡುತ್ತಿದ್ದಳು, ಆಮೇಲೆ ನನ್ನ ನೆತ್ತಿ.
ತಲೆ ಎತ್ತುವ ಧೈರ್ಯ ಸಾಲದೆ
ತುಂಬಾ ಹೊತ್ತು ಬಗ್ಗಿಯೇ ಇದ್ದೆ.

ರಕ್ತದೊತ್ತಡದ ಪಟ್ಟಿ ಸುತ್ತಿದೆ.
ಉಪ್ಪು ಚಹಾ ದಿನಕ್ಕೆಷ್ಟು ಬಟ್ಟಲು?
"ಎಣಿಸಿದವರು ಯಾರು?" ನಕ್ಕಳು.
ಈ ಮಾತ್ರೆ ಬಿಡು, ಈ ಮಾತ್ರೆ ಹಿಡಿ ಅಂದೆ,
ಈ ಹಳದಿಯದು ಮೂರು ತಿಂಗಳು ನುಂಗಿ ಆಮೇಲೆ ನೋಡೋಣ ಅಂದೆ.

ತಿಂಗಳು ತಿಂಗಳು ಬಂದಳು,
ಎಂಬತ್ತು ಕಿಲೋಮೀಟರು, ಗಂಡನ ಬೈಕಿನ ಹಿಂದೆ.
ಆರನೆಯದರಲ್ಲಿ ತುತ್ತೂರಿ ಇಟ್ಟೆ.
ಮೊದಲು ಅವಳದೇ ನಾಡಿ, ಕರುಳಿನ ಗುಡುಗುಡು,
ಅದರಡಿಯಲ್ಲಿ, ಬಯಲಿನಾಚೆ ಓಡುವ ಕುದುರೆ,
ಇದೆ ಇದೆ ಇದೆ ಇದೆ
ನಿಮಿಷಕ್ಕೆ ನೂರಾ ನಲವತ್ತು.
ನಾನೇನೂ ಹೇಳಲಿಲ್ಲ. ಗಾನ್‌ಜೋರಿಗನನ್ನು ಕರೆದೆ.
ಟೋಪಿ ತೆಗೆದು, ಮೊಣಕಾಲೂರಿ ಕಿವಿಯಿಟ್ಟವನು
ಏಳಲೇ ಇಲ್ಲ.

ದಿನ ತುಂಬುವ ಎರಡು ವಾರ ಮೊದಲೇ ಬಾ,
ಆಸ್ಪತ್ರೆಯ ಪಕ್ಕ ಬಸುರಿಯರ ಮನೆಯಿದೆ, ಒಲೆ ಆರುವುದಿಲ್ಲ ಅಂದಿದ್ದೆ.
ಬರಲಿಲ್ಲ.
ಫೋನಿಗೆ ಸಿಗಬೇಕಾದರೆ ಗುಡ್ಡ ಹತ್ತಬೇಕು; ಹತ್ತಿದ್ದಳು,
ಏದುಸಿರಿನಲ್ಲಿ ಹೇಳಿದಳು:
"ಮುನ್ನೂರು ಬಸುರಿಯರಿದ್ದಾರೆ ಡಾಕ್ಟರ್ ನನ್ನ ದೊಡ್ಡಿಯಲ್ಲಿ,
ಎಲ್ಲ ಆಡುಗಳೂ ಈಗಲೇ ಈಯುತ್ತವೆ,
ನಾನು ಹೊರಟರೆ ಅವರಿಗೆ ಯಾರು?"
ನನ್ನಲ್ಲಿ ಉತ್ತರವಿರಲಿಲ್ಲ. ಜೀಪು ಕಳಿಸಿದೆ.

ಮಗು ಅಳುತ್ತಲೇ ಬಂತು, ರಾತ್ರಿ ಎರಡಕ್ಕೆ.
ಮಾಸು ಬಿತ್ತು. ರಕ್ತ ನಿಲ್ಲಲಿಲ್ಲ.
ಒಂದು ಸೂಜಿ, ಮತ್ತೊಂದು,
ಗರ್ಭಕೋಶ ಒದ್ದೆ ಬಟ್ಟೆಯಂತೆ ಸಡಿಲ.
ಒಳಗೊಂದು ಕೈ ಮುಷ್ಟಿ ಕಟ್ಟಿ, ಹೊರಗಿನಿಂದೊಂದು ಕೈ ಒತ್ತಿ,
ನಡುವೆ ಅವಳು,
ನಲವತ್ತು ನಿಮಿಷ.
ನರ್ಸ್ ಸರನ್‌ಗೆರೆಲ್ ಶಾಲೆಯ ಮೇಷ್ಟರನ್ನು ಎಬ್ಬಿಸಲು ಓಡಿದಳು,
ಅವರದು ಹೊಂದುವ ರಕ್ತ.
"ಆಡುಗಳು..." ಎಂದಳು ನರ್ಮಂದಾಖ್ ಒಮ್ಮೆ.
ಸುಮ್ಮನಿರು ಅಂದೆ.
ಸುಮ್ಮನಾದಳು; ಅದಕ್ಕೇ ಹೆದರಿ, ಮಾತಾಡು ಅಂದೆ.
ಆಮೇಲೆ, ಯಾವಾಗಲೋ,
ನನ್ನ ಮುಷ್ಟಿಯನ್ನು ಅದೇ ಮುಷ್ಟಿಯಾಗಿ ಹಿಡಿಯಿತು.
ಎರಡು ದಿನ ಬಲಗೈಯಲ್ಲಿ ಚಮಚ ನಿಲ್ಲಲಿಲ್ಲ.

ಆರನೇ ವಾರಕ್ಕೆ ಬಂದಳು.
ಒತ್ತಡ ಸರಿ, ಹೊಲಿಗೆ ಮಾಗಿದೆ, ಹಾಲಿದೆ, ರಕ್ತ ಕಡಿಮೆ.
ಫಾರ್ಮಿನ ಪ್ರಶ್ನೆಗಳು ಮುಗಿದವು.
ಅದರಲ್ಲಿಲ್ಲದ್ದು ಕೇಳಿದೆ: ನಿದ್ದೆ?
"ಎದ್ದೆದ್ದು ಅದರ ಮೂಗಿನಡಿ ಬೆರಳು ಹಿಡಿಯುತ್ತೇನೆ."
ಮುಂದಿನ ವಾರವೂ ಬಾ ಅಂದೆ, ಕಾರಣ ಬರೆಯಲಿಲ್ಲ.

ಹೆಸರು?
"ಎನೆಬಿಶ್."
ನಮ್ಮ ಮಾತಿನಲ್ಲಿ ಅದಕ್ಕರ್ಥ: ಇದಲ್ಲ.
ಮಗು ಕಳೆದುಕೊಂಡ ಮನೆಯವರು ಇಡುವ ಹೆಸರು.
ಹುಡುಕಿಕೊಂಡು ಬಂದದ್ದು ಹೊಸ್ತಿಲಲ್ಲಿ ನಿಂತು ಕೇಳಿದರೆ
ಇದಲ್ಲ, ಮುಂದಿನ ಮನೆ ನೋಡು ಅನ್ನುವುದಕ್ಕೆ.
ಆರು ವರ್ಷ ವೈದ್ಯ ಓದಿದ ಕೈ
ರಿಜಿಸ್ಟರಿನಲ್ಲಿ ಬಿಡಿಸಿ ಬಿಡಿಸಿ ಬರೆಯಿತು,
ಕಾಗುಣಿತ ಎರಡು ಸಲ ನೋಡಿತು.

ಒಣಮೊಸರಿನ ಚೀಲವೊಂದನ್ನು ಮೇಜಿನ ಮೇಲಿಟ್ಟು
ಬಾಗಿಲ ತನಕ ಹೋದವಳು ತಿರುಗಿದಳು:
"ಆ ರಾತ್ರಿ ಏಳು ಮರಿ ಸತ್ತವು, ಡಾಕ್ಟರ್."
ದೂರಲಿಲ್ಲ. ಲೆಕ್ಕ ಒಪ್ಪಿಸಿದಳು.