ಅಂಚಿನ ಎಳಿ

ಅಕ್ಕಲಕೋಟ ರೋಡಿನ ಕಾರಖಾನಿ, ಸೋಲಾಪುರ.
ಮಗ್ಗ ನಿಂತಾವ; ಕಿವಿಯೊಳಗ ಇನ್ನೂ ಖಟಖಟ.
ಮಾಲಕರು ಮರಾಠಿಯೊಳಗ ಹೊಗಳಿದರು,
ಮುದುಕ ರಾಜೇಶಂ ತೆಲುಗಿನೊಳಗ ಕಣ್ಣೊರೆಸಿಕೊಂಡ.
ಇಪ್ಪತ್ತೆರಡು ವರ್ಷ ಪಾಳಿ ನಡೆಸಿದ
ಜಾಬರ್ ಮಹಾನಂದಾ ಬಿರಾಜದಾರಳ ಹೆಗಲಿಗೆ
ನಮ್ಮದೇ ನೇಯ್ಗಿಯ ಚಾದರ.

ಆಕಿ ಕೈ ಸುಮ್ಮನಿದ್ದೀತೇನು? ಸವರಿತು.
ಅಂಚಿನ್ಯಾಗ ಒಂದು ಎಳಿ ತಪ್ಪಿತ್ತು.

ಹನ್ನೊಂದನೇ ಮಗ್ಗ ನಂದು.
ಎದಿಯೊಳಗ ಲಾಳಿ ಗಪ್ಪನೆ ನಿಂತಿತು.

ನನ್ನ ನೋಡಿದಳು, ಫೋಟೋದವನ್ನ ನೋಡಿದಳು,
ಆ ಮೂಲಿ ಮುಷ್ಟಿಯೊಳಗ ಮಡಚಿ ಹಿಡಿದು
ನಕ್ಕಳು.

ಮರುದಿನ, ಏಳರ ಭೋಂಗಾ ಆಗೂದಕ್ಕಿಂತ ಮೊದಲs
ನನ್ನ ಮಗ್ಗದ ಕೆಳಗ ಕುಂತಿದ್ದಳು.
"ಬಾ ಇಲ್ಲೆ. ಹಣಿಗಿ ನಟ್ಟು ಸಡಲಾಗೇದ."
ಎಳಿ ಮಾತು ಎತ್ತಲಿಲ್ಲ.
ಪಾನಾ ನನ್ನ ಕೈಗೆ ಕೊಟ್ಟು
ಬ್ಯಾಟರಿ ತಾನು ಹಿಡಿದಳು.