ಕ್ರಮಸಂಖ್ಯೆ ಹನ್ನೊಂದು

ಅಮ್ಮತ್ತಿಯ ಆಚೆ, ಬೇಲಿಕಂಬಕ್ಕೆ ಗುಂಡಿ ತೋಡುವಾಗ
ಎರವರ ಬೊಳ್ಕನ ಹಾರೆ ಚಪ್ಪಡಿಗೆ ತಾಗಿ
ಠಣ್ಣೆಂದಿತು.
“ಪಾಂಡವರ ಮನೆ, ಮುಟ್ಟಬಾರದು”
ಎಂದವನೇ ಬೀಡಿ ಹಚ್ಚಿ ಕೂತ.
ಮುಟ್ಟಿದವರು ನಾವು, ಇಲಾಖೆಯವರು,
ಕುಂಚ, ಜರಡಿ, ಹಳದಿ ಟೇಪು ಹಿಡಿದು.

ನಾನು ಬರೆಯುವವಳು.
ಮಡಿಕೇರಿಯಿಂದ ತಂದ ನೀಲಿ ರಿಜಿಸ್ಟರು, ಐದು ಕಾಲಂ.
ಒಂದು: ಕತ್ತಿ, ಕಬ್ಬಿಣ, ಮೂರು ತುಂಡು.
ಎತ್ತುವಾಗ ನಾಲ್ಕಾಯಿತು; ತಿದ್ದಿದೆ.
ಎರಡರಿಂದ ಒಂಬತ್ತು: ಕೆಂಪು ಮಣಿ, ಮೈಮೇಲೆ ಬಿಳಿ ಗೆರೆ,
ಗುಜರಾತಿನ ಕಡೆಯ ಕಲ್ಲು ಎಂದರು ಸಾಹೇಬರು.
ಹತ್ತು: ಕವಡೆ.
ಹನ್ನೊಂದು ಏನೆಂದು ಯಾರಿಗೂ ತಿಳಿಯಲಿಲ್ಲ.
ಬೆರಳುದ್ದ ತಾಮ್ರ, ತುದಿಗೆ ಎಳ್ಳುಕಾಳು ಕೂರುವಷ್ಟು ಗುಳಿ.
ಪೂಜೆಯದು ಎಂದರೊಬ್ಬರು, ಔಷಧಿಯದು ಮತ್ತೊಬ್ಬರು.
ಬೊಳ್ಕ ಹೊಗೆ ಬಿಟ್ಟು ಕೇಳಿದ:
“ಕಿವಿಗುಗ್ಗೆ ತೆಗೆಯೋದಲ್ವಾ ಅದು?”

ತಾಮ್ರ ಈ ಮಣ್ಣಿನದಲ್ಲ.
ಯಾವುದೋ ರೇವಿನಿಂದ ಎತ್ತಿನ ಬೆನ್ನೇರಿ
ಘಾಟಿಯ ಜಿಗಣೆಗಳಿಗೆಲ್ಲ ಸುಂಕ ತೆತ್ತು ಬಂದದ್ದು.
ಇವನು ಜೇನೋ ಏಲಕ್ಕಿಯೋ ಅಳೆದು ಕೊಟ್ಟಿರಬೇಕು,
ಚೌಕಾಸಿ ಮಾಡದೆ ಬಿಟ್ಟಿರಲಾರ.

ಬುತ್ತಿ ಬಿಚ್ಚುವ ಹೊತ್ತಿಗೆ ಸಾಹೇಬರು ಹೇಳಿದರು:
ಬಾಲ್ಟಿಕ್ ಎಂಬ ತಣ್ಣನೆ ಕಡಲಿನ ದಂಡೆಯಲ್ಲಿ
ಯೋಧರನ್ನು ಹೂತ ಕುಣಿಗಳಲ್ಲಿ
ಈಟಿಯ ಪಕ್ಕ ಪರದೇಶದ ತಕ್ಕಡಿ, ಕಂಚಿನ ಬೋಗುಣಿ,
ನಮ್ಮ ದಿಕ್ಕಿನ ಕಡಲ ಕವಡೆಯೂ ಸಿಕ್ಕಿದೆಯಂತೆ.
ಹೌದಾ ಎಂದೆವು. ಕಡಂಬುಟ್ಟು ಆರಿತ್ತು.

ನನಗೆ ಚಿಕ್ಕಪ್ಪ ನೆನಪಾದ, ಹವಾಲ್ದಾರ್ ಚೀಯಣ್ಣ.
ಹೋದ ಕಕ್ಕಡದಲ್ಲಿ ಕುಪ್ಯ ತೊಡಿಸಿ, ಚೇಲೆ ಬಿಗಿದು,
ಹಣೆಗೆ ನಾಣ್ಯ ಒತ್ತಿ, ಜೋಡಿ ಗುಂಡು ಹಾರಿಸಿ
ತೂಟಂಗಳಕ್ಕೆ ಒಯ್ದೆವು.
ಪೀಚೆಕತ್ತಿ ಮನೆಯಲ್ಲೇ ಉಳಿಯಿತು, ಕೋವಿಯೂ.
ಪದಕಗಳ ದೆಸೆಯಿಂದ ಮಕ್ಕಳಿಬ್ಬರು
ಇನ್ನೂ ಮಾತಾಡುತ್ತಿಲ್ಲ.
ಚಿಕ್ಕಮ್ಮ ಚೋಂದವ್ವ ಮಾತ್ರ, ಜನ ಅತ್ತ ತಿರುಗಿದಾಗ,
ಅವನ ಮುಷ್ಟಿಯೊಳಗೆ ತೂರಿಸಿದಳು
ಕಾಂಗೋದ ಶಾಂತಿಪಡೆಯಿಂದ ಮರಳುವಾಗ ಕೊಂಡ
ಕೊರಿಯಾದ ನೇಲ್ ಕಟ್ಟರ್.
ಭಾನುವಾರ ಮೆಟ್ಟಿಲ ಮೇಲೆ ಕೂತು
ಮೊದಲು ಅವಳ ಉಗುರು, ಆಮೇಲೆ ತನ್ನದು.
“ಅಲ್ಲಿ ಯಾರ ಹತ್ತಿರ ಅಂತ ಕೇಳ್ತಾರೆ?”
ಎಂದಳು, ನನಗಲ್ಲ.

ರಿಜಿಸ್ಟರಿನ ಕೊನೆಯ ಕಾಲಂ, ಷರಾ.
ಕತ್ತಿಯ ಎದುರು ಸುಲಭ: ತುಕ್ಕು, ಅಪೂರ್ಣ.
ಹನ್ನೊಂದರ ಎದುರು ಪೆನ್ನು ನಿಂತಿತು.
ಇವನ ತಲೆಯನ್ನು ತೊಡೆಯ ಮೇಲೆ ವಾಲಿಸಿಕೊಂಡು
ಯಾರೋ ಅಲ್ಲಾಡಬೇಡ ಎಂದಿರಬೇಕು,
ಬಿಸಿಲಿರುವ ಕಡೆಗೆ ಕಿವಿ ತಿರುಗಿಸಿ.

ಹೊರಗಿನಿಂದ ಬಂದದ್ದು, ಎಂದು ಬರೆದೆ.
ಸ್ವಲ್ಪ ಹೊತ್ತಿನ ಮೇಲೆ, ಅದೇ ಶಾಯಿಯಲ್ಲಿ:
ಬಳಸಿದ ಗುರುತುಂಟು.